ಆಸ್ಪತ್ರೆಯ ಉಸಿರು

೧೯೫೨ನೆಯ ಇಸವಿ ಡಿಸೆಂಬರ್ ೫ರಂದು ಲಂಡನ್ ನಗರದ ಮೇಲೆ ದಟ್ಟವಾದ ಮಂಜು ಕವಿಯಿತು. ಚಳಿಗಾಲದ ಮಂಜು ಆ ನಗರಕ್ಕೆ ಹೊಸತಲ್ಲ. ಆದರೆ ಆ ಸಲ ಗಾಳಿ ಅಲುಗಾಡಲಿಲ್ಲ. ಮನೆಗಳ ಅಗ್ಗಿಷ್ಟಿಕೆಗಳಿಂದಲೂ ಕಾರ್ಖಾನೆಗಳಿಂದಲೂ ವಿದ್ಯುದಾಗಾರಗಳಿಂದಲೂ ಹೊರಟ ಕಲ್ಲಿದ್ದಲಿನ ಹೊಗೆ ಮೇಲೇರಲಾರದೆ, ಮಂಜಿನೊಡನೆ ಬೆರೆತು, ಐದು ದಿನಗಳ ಕಾಲ ಬೀದಿಗಳಲ್ಲಿಯೇ ನಿಂತುಬಿಟ್ಟಿತು. ಎದುರಿಗೆ ಬರುವವರ ಮುಖ ಕಾಣದಷ್ಟು ಕತ್ತಲೆ. ಮುದುಕರು, ಎಳೆಯ ಮಕ್ಕಳು, ಶ್ವಾಸಕೋಶದ ರೋಗವುಳ್ಳವರು ಉಸಿರಿಗಾಗಿ ತಹತಹಿಸುತ್ತ ಆಸ್ಪತ್ರೆಗಳಿಗೆ ಬಂದರು. ಸತ್ತವರು ಸುಮಾರು ೪,೦೦೦ ಮಂದಿ ಎಂದು ಅಂದು ಎಣಿಸಿದರು. ಆ ಸಂಖ್ಯೆ ೧೨,೦೦೦ದವರೆಗೂ ಇದ್ದಿರಬಹುದೆಂದು ಅನಂತರದ ಸಂಶೋಧಕರು ಲೆಕ್ಕಹಾಕಿದ್ದಾರೆ.

ಆ ರೋಗಿಗಳನ್ನು ಬರಮಾಡಿಕೊಂಡ ಆಸ್ಪತ್ರೆಗಳು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರಿದವು. ಧನಿಕ ಬಡವರೆಂಬ ಭೇದವಿಲ್ಲದೆ ಎಲ್ಲರಿಗೂ ಚಿಕಿತ್ಸೆ ದೊರೆಯಲೆಂದು ೧೯೪೮ನೆಯ ಜುಲೈ ೫ರಂದು ಆರಂಭವಾದ ಈ ಸಂಸ್ಥೆಗೆ ಆಗ ನಾಲ್ಕೇ ವರ್ಷ. ಅದರ ವೈದ್ಯರೂ ದಾದಿಯರೂ ಹಗಲಿರುಳು ದುಡಿದರು. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಆ ಕಾಲದ ಆಸ್ಪತ್ರೆಗಳ ಬಾಯ್ಲರುಗಳು ಬಹುಮಟ್ಟಿಗೆ ಉರಿಸುತ್ತಿದ್ದುದು ಕಲ್ಲಿದ್ದಲನ್ನೇ. ಒಳಗೆ ಉಸಿರು ಕಟ್ಟಿದವರಿಗೆ ಆಮ್ಲಜನಕವನ್ನು ಕೊಡುತ್ತಿದ್ದ ಮನೆಯೇ ಹೊರಗೆ ತನ್ನ ಹೊಗೆಗೂಡಿನಿಂದ ಊರಿನ ಉಸಿರು ಕಟ್ಟಿಸುವ ಹೊಗೆಗೆ ತನ್ನ ಪಾಲನ್ನೂ ಸೇರಿಸುತ್ತಿತ್ತು.

ಕಣ್ಣಿಗೆ ಕಾಣುವ ಹೊಗೆಯಾದ್ದರಿಂದ ಜನ ಎಚ್ಚೆತ್ತರು. ೧೯೫೬ರಲ್ಲಿ ಶುದ್ಧವಾಯು ಶಾಸನ ಬಂದಿತು. ಆಸ್ಪತ್ರೆಗಳೂ ಬರಬರುತ್ತ ಕಲ್ಲಿದ್ದಲನ್ನು ಬಿಟ್ಟುವು. ಹಾಗಾದರೆ ಆಸ್ಪತ್ರೆಯ ಉಸಿರು ಶುದ್ಧವಾಯಿತೆ? ಹಾಗೆಂದು ಬಹುಕಾಲ ಭಾವಿಸಿದ್ದರು. ಲೆಕ್ಕವಿಟ್ಟು ನೋಡಿದಾಗ ಬೇರೆಯೇ ಕಥೆ ಹೊರಬಿದ್ದಿತು.

ಅಳೆಯುವುದೆಂತು?

ಆಸ್ಪತ್ರೆಯೊಂದು ವಾತಾವರಣದ ಮೇಲೆ ಹೊರಿಸುವ ಭಾರವನ್ನು ಅಳೆಯಲು ಒಂದು ಸಮಾನವಾದ ತಕ್ಕಡಿ ಬೇಕು. ಸೂರ್ಯನಿಂದ ಕಾದ ನೆಲ ಹೊರಸೂಸುವ ಶಾಖವನ್ನು ಹಿಡಿದಿಡುವ ಅನಿಲಗಳು ಹಲವು. ಅವುಗಳಲ್ಲಿ ಮುಖ್ಯವಾದುದು, ಇಂಧನ ಉರಿದಾಗ ಹುಟ್ಟುವ ಇಂಗಾಲದ ಡೈ ಆಕ್ಸೈಡ್. ಉಳಿದ ಅನಿಲಗಳಲ್ಲಿ ಒಂದೊಂದೂ ನೂರು ವರ್ಷಗಳ ಅವಧಿಯಲ್ಲಿ ಇದರ ಎಷ್ಟು ಪಟ್ಟು ಶಾಖವನ್ನು ಹಿಡಿದಿಡುತ್ತದೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಆ ಸಂಖ್ಯೆಯಿಂದ ಅನಿಲದ ತೂಕವನ್ನು ಗುಣಿಸಿದರೆ ಎಲ್ಲವನ್ನೂ ಒಂದೇ ಲೆಕ್ಕಕ್ಕೆ, ಎಂದರೆ ಇಂಗಾಲದ ಡೈ ಆಕ್ಸೈಡಿನ ಲೆಕ್ಕಕ್ಕೆ, ತರಬಹುದು. ಬೇರೆಬೇರೆ ದೇಶಗಳ ನಾಣ್ಯಗಳನ್ನು ರೂಪಾಯಿಗೆ ಪರಿವರ್ತಿಸಿ ಕೂಡಿದಂತೆಯೇ ಇದು.

ಈ ಕ್ರಮದಿಂದ ಎಣಿಸಿದಾಗ, ೨೦೧೯ರಲ್ಲಿ ಇಂಗ್ಲೆಂಡಿನ ಆರೋಗ್ಯ ಸೇವೆ ಹೊರಿಸಿದ ಭಾರ ಸುಮಾರು ೨ ಕೋಟಿ ೫೦ ಲಕ್ಷ ಟನ್ ಎಂದು ತಿಳಿಯಿತು. ಅದರ ಹಂಚಿಕೆ ಇನ್ನೂ ಕುತೂಹಲಕರವಾದುದು. ಕಟ್ಟಡಗಳ ಶಾಖ, ವಿದ್ಯುತ್ತು, ವಾಹನಗಳು, ಅರಿವಳಿಕೆಯ ಅನಿಲಗಳು ಮೊದಲಾಗಿ ಚಿಕಿತ್ಸೆಯ ಕಾರ್ಯಕ್ಕೇ ನೇರವಾಗಿ ಸೇರಿದ ಭಾಗ ನೂರಕ್ಕೆ ೨೪. ನೌಕರರು, ರೋಗಿಗಳು, ನೋಡಲು ಬರುವವರು ಇವರ ಪ್ರಯಾಣ ನೂರಕ್ಕೆ ೧೦. ಹೊರಗಿನವರಿಂದ ಮಾಡಿಸುವ ಚಿಕಿತ್ಸೆ ನೂರಕ್ಕೆ ೪. ಮಿಕ್ಕ ೬೨ ಪಾಲು ಆಸ್ಪತ್ರೆಯ ಗೋಡೆಯಿಂದಾಚೆ, ಔಷಧಗಳನ್ನೂ ಉಪಕರಣಗಳನ್ನೂ ಬಟ್ಟೆಬರೆಗಳನ್ನೂ ಆಹಾರವನ್ನೂ ತಯಾರಿಸುವ ಕಡೆ ಹುಟ್ಟಿದುದು. ಹೊಗೆಗೂಡನ್ನು ಮಾತ್ರ ನೋಡುತ್ತ ಕುಳಿತವರಿಗೆ ಇದು ಕಾಣುವಂತಿಲ್ಲ.

೨೦೨೦ನೆಯ ಅಕ್ಟೋಬರಿನಲ್ಲಿ ಆ ಸೇವೆ ಒಂದು ನಿರ್ಧಾರವನ್ನು ಪ್ರಕಟಿಸಿತು. ತನ್ನ ಹತೋಟಿಯಲ್ಲಿ ನೇರವಾಗಿರುವ ಭಾರವನ್ನು ೨೦೪೦ರ ವೇಳೆಗೂ, ಸರಬರಾಜುದಾರರ ಮೂಲಕ ಬರುವ ಭಾರವನ್ನು ೨೦೪೫ರ ವೇಳೆಗೂ ನಿವ್ವಳ ಶೂನ್ಯಕ್ಕೆ ಇಳಿಸುವುದಾಗಿ ಅದು ಹೇಳಿತು. ರಾಷ್ಟ್ರಮಟ್ಟದ ಆರೋಗ್ಯ ಸೇವೆಯೊಂದು ಇಂಥ ಪ್ರತಿಜ್ಞೆ ಮಾಡಿದುದು ಇದೇ ಮೊದಲು. ೨೦೨೨ರ ಶಾಸನದಿಂದ ಇದಕ್ಕೆ ಕಾನೂನಿನ ಬಲವೂ ಬಂದಿತು. ಅದೇ ವರ್ಷ ಜುಲೈ ೧೯ರಂದು ಇಂಗ್ಲೆಂಡಿನಲ್ಲಿ ಉಷ್ಣತೆ ಮೊಟ್ಟಮೊದಲ ಸಲ ೪೦ ಡಿಗ್ರಿ ಸೆಲ್ಸಿಯಸ್ ದಾಟಿತು. ಲಂಡನ್ನಿನ ಎರಡು ದೊಡ್ಡ ಆಸ್ಪತ್ರೆಗಳಲ್ಲಿ ಗಣಕಯಂತ್ರಗಳನ್ನು ತಂಪಾಗಿಡುವ ಏರ್ಪಾಡು ಕೆಟ್ಟು, ರೋಗಿಗಳ ದಾಖಲೆಗಳು ವೈದ್ಯರ ಕೈಗೆ ಸಿಗದಂತಾಗಿ, ಎಷ್ಟೋ ಶಸ್ತ್ರಚಿಕಿತ್ಸೆಗಳನ್ನು ಮುಂದಕ್ಕೆ ಹಾಕಬೇಕಾಯಿತು. ಕಾದ ಗಾಳಿ ಆಸ್ಪತ್ರೆಯ ಬಾಗಿಲನ್ನು ತಾನಾಗಿಯೇ ತಟ್ಟಿತೆನ್ನಬಹುದು.

ನಿದ್ದೆ ತರುವ ಆವಿ

ಈ ಲೆಕ್ಕದ ಒಂದು ಸಣ್ಣ ಬಾಬನ್ನು ತೆಗೆದುಕೊಂಡು ಪರಿಶೀಲಿಸೋಣ. ಅರಿವಳಿಕೆಯ ಅನಿಲಗಳ ಪಾಲು ನೂರಕ್ಕೆ ಸುಮಾರು ೨ ಮಾತ್ರ. ಆದರೆ ಇಡೀ ಸಮಸ್ಯೆಯ ಸ್ವರೂಪ ಈ ಎರಡು ಪಾಲಿನಲ್ಲಿ ಚೆನ್ನಾಗಿ ಕಾಣುತ್ತದೆ.

೧೮೪೬ರಲ್ಲಿ ಬೋಸ್ಟನ್ ನಗರದಲ್ಲಿ ಈಥರಿನ ಆವಿಯಿಂದ ರೋಗಿಯನ್ನು ಮಲಗಿಸಿ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದ ಮೇಲೆ ವೈದ್ಯವಿದ್ಯೆಯ ರೂಪವೇ ಬದಲಾಯಿತು. ಈಥರಿಗೆ ಬೆಂಕಿ ಹತ್ತಿಕೊಳ್ಳುವ ಭಯವಿತ್ತು. ೧೯೫೧ರಲ್ಲಿ ಇಂಗ್ಲೆಂಡಿನ ರಸಾಯನವಿಜ್ಞಾನಿ ಚಾರ್ಲ್ಸ್ ಸಕ್ಲಿಂಗ್ ಹ್ಯಾಲೊಥೇನ್ ಎಂಬ, ಉರಿಯದ ಅರಿವಳಿಕೆಯನ್ನು ತಯಾರಿಸಿದನು. ಅದರ ಅಣುವಿನಲ್ಲಿ ಫ್ಲೋರಿನ್ ಪರಮಾಣುಗಳಿದ್ದುವು. ಅದರ ಹಾದಿಯಲ್ಲಿಯೇ ಮುಂದೆ ಐಸೊಫ್ಲುರೇನ್, ಸೆವೊಫ್ಲುರೇನ್, ಡೆಸ್‌ಫ್ಲುರೇನ್ ಬಂದುವು.

ಇಂಗಾಲಕ್ಕೂ ಫ್ಲೋರಿನ್ನಿಗೂ ಇರುವ ಬಂಧ ಬಹು ಗಟ್ಟಿಯಾದುದು. ಆದಕಾರಣ ಈ ದ್ರವ್ಯಗಳು ದೇಹದಲ್ಲಿ ಸುಲಭವಾಗಿ ಒಡೆಯುವುದಿಲ್ಲ. ರೋಗಿಗೆ ಅದೇ ಕ್ಷೇಮ. ಒಳಗೆ ಹೋದ ಆವಿ ಹೆಚ್ಚುಕಡಿಮೆ ಹಾಗೆಯೇ ಉಸಿರಿನೊಡನೆ ಹೊರಬರುತ್ತದೆ. ಶಸ್ತ್ರಚಿಕಿತ್ಸೆಯ ಕೊಠಡಿಯವರು ಅದನ್ನು ಉಸಿರಾಡಿ ಮಂಕಾಗಬಾರದೆಂದು ಒಂದು ಕೊಳವೆ ಅದನ್ನು ಹೀರಿ ಕಟ್ಟಡದಿಂದ ಹೊರಕ್ಕೆ ಬಿಡುತ್ತದೆ. ದೇಹದಲ್ಲಿ ಒಡೆಯದ ಅಣು ಆಕಾಶದಲ್ಲಿಯೂ ಬೇಗ ಒಡೆಯುವುದಿಲ್ಲ. ಸೆವೊಫ್ಲುರೇನ್ ಒಂದೆರಡು ವರ್ಷ ಉಳಿದರೆ ಡೆಸ್‌ಫ್ಲುರೇನ್ ಸುಮಾರು ೧೪ ವರ್ಷ ಉಳಿಯುತ್ತದೆ. ರೋಗಿಯನ್ನು ಕಾಪಾಡುವ ಗುಣವೇ ಹೊರಗೆ ಹೋದಾಗ ದೋಷವಾಯಿತು.

ತೂಕಕ್ಕೆ ತೂಕ ಹೋಲಿಸಿದರೆ ಡೆಸ್‌ಫ್ಲುರೇನ್ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು ೨,೫೦೦ ಪಟ್ಟು ಶಾಖವನ್ನು ಹಿಡಿದಿಡುತ್ತದೆ. ಸೆವೊಫ್ಲುರೇನಿನ ಸಂಖ್ಯೆ ೨೦೦ಕ್ಕೂ ಕಡಿಮೆ. ಇಷ್ಟೇ ಅಲ್ಲ. ರೋಗಿಯನ್ನು ನಿದ್ದೆಯಲ್ಲಿಡಲು ಉಸಿರಿನ ಗಾಳಿಯಲ್ಲಿ ಸೆವೊಫ್ಲುರೇನ್ ನೂರಕ್ಕೆ ೨ರಷ್ಟಿದ್ದರೆ ಸಾಕು. ಡೆಸ್‌ಫ್ಲುರೇನ್ ೬ರಷ್ಟು ಬೇಕು. ಶಕ್ತಿಯೂ ಹೆಚ್ಚು, ಪ್ರಮಾಣವೂ ಹೆಚ್ಚು. ಒಟ್ಟು ವ್ಯತ್ಯಾಸ ಹತ್ತಾರು ಪಟ್ಟಾಗುತ್ತದೆ. ೨೪೦ ಮಿಲಿಲೀಟರ್ ಹಿಡಿಯುವ ಡೆಸ್‌ಫ್ಲುರೇನಿನ ಒಂದು ಸಣ್ಣ ಬಾಟಲಿ ಆವಿಯಾಗಿ ಹೋದರೆ, ವಾತಾವರಣಕ್ಕೆ ಸುಮಾರು ೯೦೦ ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಸೇರಿದಂತೆ. ೩೫೦ ಕಿಲೋಗ್ರಾಮಿಗೂ ಹೆಚ್ಚು ಕಲ್ಲಿದ್ದಲನ್ನು ಸುಟ್ಟರೆ ಬರುವಷ್ಟು ಅದು. ೧೯೫೨ರ ಹೊಗೆಗೂಡು ಈಗ ಕಪಾಟಿನ ಬಾಟಲಿಯೊಳಗೆ ಅಡಗಿ ಕುಳಿತಿದ್ದಿತು.

ಹಾಗಾದರೆ ಅದನ್ನು ಬಳಸುತ್ತಿದ್ದುದೇಕೆ? ರೋಗಿ ಅದರಿಂದ ಬೇಗ ಎಚ್ಚರಗೊಳ್ಳುತ್ತಾನೆ. ದೀರ್ಘವಾದ ಶಸ್ತ್ರಚಿಕಿತ್ಸೆಯಲ್ಲಿಯೂ ಬಹಳ ದಪ್ಪನೆಯ ರೋಗಿಗಳಲ್ಲಿಯೂ ಇದು ಅನುಕೂಲವೆಂದು ಕೆಲವು ವೈದ್ಯರು ವಾದಿಸಿದರು. ಆ ವಾದ ನಿರಾಧಾರವಾದುದಲ್ಲ. ಆದರೆ ಕೆಲವು ನಿಮಿಷಗಳ ಅನುಕೂಲಕ್ಕಾಗಿ ಇಷ್ಟು ಬೆಲೆ ತೆರಬೇಕಿಲ್ಲವೆಂದೂ, ಬಹುತೇಕ ರೋಗಿಗಳನ್ನು ಇತರ ಅರಿವಳಿಕೆಗಳಿಂದಲೇ ಕ್ಷೇಮವಾಗಿ ನಿದ್ದೆ ಮಾಡಿಸಬಹುದೆಂದೂ ತೀರ್ಮಾನವಾಯಿತು. ೨೦೨೩ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡ್ ತನ್ನ ಆಸ್ಪತ್ರೆಗಳಲ್ಲಿ ಡೆಸ್‌ಫ್ಲುರೇನನ್ನು ನಿಲ್ಲಿಸಿತು. ೨೦೨೪ರಲ್ಲಿ ಇಂಗ್ಲೆಂಡ್ ಅದನ್ನು ಅನುಸರಿಸಿತು. ಐರೋಪ್ಯ ಒಕ್ಕೂಟದಲ್ಲಿ, ಬೇರೆ ದಾರಿಯಿಲ್ಲದ ಸಂದರ್ಭಗಳನ್ನುಳಿದು, ೨೦೨೬ರ ಜನವರಿ ೧ರಿಂದ ಇದು ನಿಷಿದ್ಧ.

ಇನ್ನೊಂದು ಉಪಾಯ ಇದಕ್ಕಿಂತಲೂ ಸರಳ. ಅರಿವಳಿಕೆಯ ಯಂತ್ರದಲ್ಲಿ ರೋಗಿಯ ಉಸಿರು ಸೋಡಾಸುಣ್ಣದ ಹರಳುಗಳ ಮೂಲಕ ಹಾಯ್ದು, ಇಂಗಾಲದ ಡೈ ಆಕ್ಸೈಡನ್ನು ಕಳೆದುಕೊಂಡು, ಆವಿಯೊಡನೆ ಮತ್ತೆ ಅವನಿಗೇ ಹಿಂದಿರುಗುವಂತೆ ಏರ್ಪಾಡಿರುತ್ತದೆ. ಹೊಸ ಅನಿಲವನ್ನು ಅಬ್ಬರದಿಂದ ಹರಿಯಬಿಟ್ಟರೆ ಹಳೆಯದೆಲ್ಲ ಉಕ್ಕಿ ವ್ಯರ್ಥವಾಗುತ್ತದೆ. ಮಂದವಾಗಿ ಹರಿಯಬಿಟ್ಟರೆ, ಇದ್ದುದೇ ಸುತ್ತುತ್ತಿರುತ್ತದೆ. ರೋಗಿಯ ನಿದ್ದೆಗೆ ಭಂಗವಿಲ್ಲ. ಆವಿಯ ಖರ್ಚು ಮಾತ್ರ ಇಳಿಯುತ್ತದೆ. ರಕ್ತನಾಳದ ಮೂಲಕ ಪ್ರೊಪೊಫಾಲ್ ಎಂಬ ಔಷಧವನ್ನು ಕೊಟ್ಟು ನಿದ್ದೆ ತರಿಸುವ ಕ್ರಮವೂ ಉಂಟು. ಅದರಲ್ಲಿ ಆಕಾಶಕ್ಕೆ ಹೋಗುವ ಆವಿಯೇ ಇಲ್ಲ. ಆದರೆ ಉಳಿದ ಔಷಧವನ್ನು ಚರಂಡಿಗೆ ಸುರಿಯಬಾರದು; ಅದು ನೀರಿನ ಜೀವಿಗಳಿಗೆ ವಿಷ.

ಸೋರುವ ಕೊಳವೆ

‘ನಗೆಯನಿಲ’ವೆಂದು ಹೆಸರಾದ ನೈಟ್ರಸ್ ಆಕ್ಸೈಡಿನ ಕಥೆ ಇನ್ನೂ ಬೋಧಪ್ರದವಾದುದು. ಇದರ ಬಲ ಇಂಗಾಲದ ಡೈ ಆಕ್ಸೈಡಿನ ಸುಮಾರು ೨೭೦ ಪಟ್ಟು. ವಾತಾವರಣದಲ್ಲಿ ಇದರ ಆಯುಸ್ಸು ನೂರು ವರ್ಷಕ್ಕೂ ಮೇಲು. ದೊಡ್ಡ ಆಸ್ಪತ್ರೆಗಳಲ್ಲಿ ದೊಡ್ಡ ಸಿಲಿಂಡರುಗಳನ್ನು ಒಂದು ಕೋಣೆಯಲ್ಲಿ ಸಾಲಾಗಿ ಜೋಡಿಸಿ, ಅಲ್ಲಿಂದ ಗೋಡೆಗಳೊಳಗಿನ ಕೊಳವೆಗಳ ಮೂಲಕ ಶಸ್ತ್ರಚಿಕಿತ್ಸೆಯ ಕೊಠಡಿಗಳಿಗೆ ಹರಿಸುತ್ತಾರೆ. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿಯೂ ಇಂಥ ಕೊಳವೆಗಳುಂಟು.

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರವಿರುವ ಲೋಥಿಯನ್ ಪ್ರಾಂತದಲ್ಲಿ ಆಸ್ಪತ್ರೆಯವರು ಒಂದು ಸಾಮಾನ್ಯ ಪ್ರಶ್ನೆಯನ್ನು ಕೇಳಿಕೊಂಡರು: ಕೊಂಡ ಅನಿಲವೆಷ್ಟು, ರೋಗಿಗಳಿಗೆ ಕೊಟ್ಟುದೆಷ್ಟು? ಎರಡು ಲೆಕ್ಕಗಳನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಅವರಿಗೇ ನಂಬಿಕೆಯಾಗಲಿಲ್ಲ. ಕೊಂಡುದರಲ್ಲಿ ಬಹುಪಾಲು ಯಾವ ರೋಗಿಯ ಮೂಗನ್ನೂ ಮುಟ್ಟಿರಲಿಲ್ಲ! ಹಳೆಯ ಕೊಳವೆಗಳ ಕೀಲುಗಳಲ್ಲಿಯೂ ಕವಾಟಗಳಲ್ಲಿಯೂ ಅದು ಹಗಲಿರುಳು ಸೋರಿಹೋಗುತ್ತಿತ್ತು. ವೈದ್ಯರು ಈ ಅನಿಲವನ್ನು ಬಳಸುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿದ್ದರೂ ಕೊಳವೆಗಳು ಮಾತ್ರ ತುಂಬಿಕೊಂಡೇ ಇದ್ದುವು. ಬಣ್ಣವಿಲ್ಲದ, ಮೂಗಿಗೆ ತಿಳಿಯದ ಅನಿಲವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಪರಿಹಾರಕ್ಕೆ ದೊಡ್ಡ ಸಂಶೋಧನೆಯೇನೂ ಬೇಕಾಗಲಿಲ್ಲ. ಕೊಳವೆಗಳ ಜಾಲವನ್ನು ಮುಚ್ಚಿ, ಅಗತ್ಯವಿದ್ದ ಕಡೆ ಯಂತ್ರಕ್ಕೇ ಒಂದು ಸಣ್ಣ ಸಿಲಿಂಡರನ್ನು ಜೋಡಿಸಿದರೆ ಸಾಕು. ಲೋಥಿಯನ್ನಿನ ಲೆಕ್ಕವನ್ನು ನೋಡಿ ಬ್ರಿಟನ್ನಿನ ಇತರ ಆಸ್ಪತ್ರೆಗಳೂ ತಮ್ಮ ಕೊಳವೆಗಳನ್ನು ಪರೀಕ್ಷಿಸತೊಡಗಿದುವು.

ಆದರೆ ಹೆರಿಗೆಯ ಕೋಣೆಯ ಮಾತು ಬೇರೆ. ಅಲ್ಲಿ ಇದೇ ಅನಿಲವನ್ನು ಆಮ್ಲಜನಕದೊಡನೆ ಸಮಭಾಗ ಬೆರೆಸಿ ಕೊಟ್ಟು ತಾಯಂದಿರ ನೋವನ್ನು ತಗ್ಗಿಸುತ್ತಾರೆ. ಆಕಾಶದ ಹೆಸರು ಹೇಳಿ ಅದನ್ನು ಕಸಿದುಕೊಳ್ಳುವುದು ನಿರ್ದಯವಾದೀತು. ಆದುದರಿಂದ ತಾಯಿ ಹೊರಬಿಟ್ಟ ಉಸಿರನ್ನು ಹಿಡಿದು, ಕಾದ ವೇಗವರ್ಧಕದ ಮೇಲೆ ಹಾಯಿಸಿ, ನೈಟ್ರಸ್ ಆಕ್ಸೈಡನ್ನು ನಿರಪಾಯವಾದ ನೈಟ್ರೊಜನ್ ಮತ್ತು ಆಮ್ಲಜನಕಗಳಾಗಿ ಒಡೆಯುವ ಯಂತ್ರವನ್ನು ಉಪಯೋಗಿಸುತ್ತಾರೆ. ಸ್ವೀಡನ್ನಿನಲ್ಲಿ ಇದು ಮೊದಲಿನಿಂದಲೂ ಬಳಕೆಯಲ್ಲಿತ್ತು. ಇಂಗ್ಲೆಂಡಿನಲ್ಲಿ ೨೦೨೧ರಲ್ಲಿ ನ್ಯೂಕ್ಯಾಸಲ್ ನಗರದ ಆಸ್ಪತ್ರೆಯೊಂದರಲ್ಲಿ ಮೊದಲಾಯಿತು.

ಉಬ್ಬಸದ ಡಬ್ಬಿ

ಉಬ್ಬಸದ ರೋಗಿಗಳು ಬಾಯಿಗಿಟ್ಟು ಒತ್ತುವ ಇನ್‌ಹೇಲರನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅದರ ಡಬ್ಬಿಯೊಳಗೆ ಔಷಧ ಅತ್ಯಲ್ಪ. ಉಳಿದುದು ಆ ಔಷಧವನ್ನು ತುಂತುರಾಗಿ ಹೊರದೂಡುವ ಅನಿಲ. ಹಿಂದೆ ಕ್ಲೋರೊಫ್ಲುರೊಕಾರ್ಬನ್ನುಗಳನ್ನು ಬಳಸುತ್ತಿದ್ದರು. ಅವು ಓಜೋನ್ ಪದರವನ್ನು ಕೆಡಿಸುತ್ತವೆಂದು ತಿಳಿದು, ೧೯೮೭ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಅವುಗಳ ಬದಲು ಹೈಡ್ರೊಫ್ಲುರೊಕಾರ್ಬನ್ನುಗಳು ಬಂದುವು. ಓಜೋನ್ ಉಳಿಯಿತು. ಆದರೆ ಹೊಸ ಅನಿಲಗಳು ಶಾಖವನ್ನು ಹಿಡಿದಿಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಲವುಳ್ಳವು. ಅಂಗೈಯಲ್ಲಿ ಮುಚ್ಚಿಡಬಹುದಾದ ಇಂಥ ಕೆಲವು ಡಬ್ಬಿಗಳ ಭಾರ ೨೦ ಕಿಲೋಗ್ರಾಮಿಗೂ ಹೆಚ್ಚು ಇಂಗಾಲದ ಡೈ ಆಕ್ಸೈಡಿಗೆ ಸಮ. ಇಂಗ್ಲೆಂಡಿನ ಆರೋಗ್ಯ ಸೇವೆಯ ಒಟ್ಟು ಭಾರದಲ್ಲಿ ಇನ್‌ಹೇಲರುಗಳದೇ ನೂರಕ್ಕೆ ಸುಮಾರು ೩.

ಪುಡಿಯ ರೂಪದ ಔಷಧವನ್ನು ರೋಗಿಯೇ ಜೋರಾಗಿ ಒಳಗೆಳೆದುಕೊಳ್ಳುವ ಸಾಧನಗಳಿಗೆ ಈ ಅನಿಲ ಬೇಕಿಲ್ಲ. ೨೦೨೦ರ ಸುಮಾರಿನಲ್ಲಿ ಬ್ರಿಟನ್ನಿನ ಇನ್‌ಹೇಲರುಗಳಲ್ಲಿ ನೂರಕ್ಕೆ ಸುಮಾರು ೭೦ ಅನಿಲದವು. ಸ್ವೀಡನ್ನಿನಲ್ಲಿ ನೂರಕ್ಕೆ ೧೫ಕ್ಕಿಂತಲೂ ಕಡಿಮೆ. ಉಬ್ಬಸ ಎರಡು ದೇಶಗಳಲ್ಲಿಯೂ ಒಂದೇ. ವೈದ್ಯರ ರೂಢಿ ಬೇರೆ.

ಹಾಗೆಂದು ಎಲ್ಲರ ಡಬ್ಬಿಯನ್ನೂ ಒಂದೇ ದಿನ ಬದಲಾಯಿಸಲು ಹೊರಡುವುದು ತಪ್ಪು. ಪುಡಿಯನ್ನು ಎಳೆಯಲು ಉಸಿರಿಗೆ ಬಲ ಬೇಕು. ಎಳೆಯ ಮಕ್ಕಳಿಗೂ ನಿತ್ರಾಣರಾದ ಮುದುಕರಿಗೂ ಆ ಬಲವಿರದು. ಹೇಳಿಕೊಡದೆ ಸಾಧನವನ್ನು ಬದಲಿಸಿದರೆ ರೋಗಿ ತಪ್ಪಾಗಿ ಬಳಸಿ, ರೋಗ ಉಲ್ಬಣಿಸಿ, ಆಸ್ಪತ್ರೆ ಸೇರಬೇಕಾದೀತು. ಆಗ ಉಳಿಸಿದ ಭಾರಕ್ಕಿಂತ ಕೂಡಿದ ಭಾರವೇ ಹೆಚ್ಚು. ಜೀವದ ಅಪಾಯ ಬೇರೆ. ಇಲ್ಲಿ ವೈದ್ಯರು ಗಮನಿಸಿದ ಅಂಶವೊಂದುಂಟು. ತತ್‌ಕ್ಷಣದ ಉಪಶಮನಕ್ಕೆಂದು ಕೊಡುವ ಡಬ್ಬಿಯನ್ನು ರೋಗಿ ಮೇಲಿಂದ ಮೇಲೆ ಮುಗಿಸುತ್ತಿದ್ದರೆ ಅವನ ಉಬ್ಬಸ ಹತೋಟಿಯಲ್ಲಿಲ್ಲವೆಂದೇ ಅರ್ಥ. ರೋಗವನ್ನು ಬರದಂತೆ ತಡೆಯುವ ಔಷಧವನ್ನು ಕ್ರಮವಾಗಿ ಕೊಟ್ಟು ಬಳಸುವ ರೀತಿಯನ್ನು ಕಲಿಸಿದರೆ ರೋಗಿಯೂ ಸುಖವಾಗಿರುತ್ತಾನೆ, ಡಬ್ಬಿಗಳೂ ಕಡಿಮೆಯಾಗುತ್ತವೆ. ಶಾಖವನ್ನು ಬಹು ಸ್ವಲ್ಪವೇ ಹಿಡಿದಿಡುವ ಹೊಸ ತಳ್ಳು-ಅನಿಲವನ್ನುಳ್ಳ ಇನ್‌ಹೇಲರಿಗೆ ೨೦೨೫ರಲ್ಲಿ ಬ್ರಿಟನ್ನಿನಲ್ಲಿ ಒಪ್ಪಿಗೆ ದೊರೆತುದರಿಂದ, ಪುಡಿಯನ್ನು ಎಳೆಯಲಾರದವರಿಗೂ ಮುಂದೆ ದಾರಿಯಾದೀತು.

ಕೈಚೀಲ, ಕಟ್ಟಡ, ಕೊಳ್ಳುವ ಕೈ

ಆಸ್ಪತ್ರೆಯಲ್ಲಿ ಒಮ್ಮೆ ಬಳಸಿ ಬಿಸಾಡುವ ವಸ್ತುಗಳಿಗೆ ಲೆಕ್ಕವಿಲ್ಲ. ರಕ್ತ ಮೊದಲಾದವುಗಳನ್ನು ಮುಟ್ಟುವಾಗ ರಬ್ಬರಿನ ಕೈಚೀಲ ಬೇಕೇ ಬೇಕು. ಆದರೆ ಹಾಸಿಗೆ ಸರಿಮಾಡಲು, ಮಗುವಿಗೆ ಊಟ ಕೊಡಲು, ರಕ್ತದೊತ್ತಡ ನೋಡಲು ಅದೇಕೆ? ಕೈಚೀಲ ತೊಟ್ಟವರು ಅದನ್ನು ಬದಲಿಸದೆ ಒಬ್ಬರಿಂದ ಇನ್ನೊಬ್ಬರನ್ನು ಮುಟ್ಟುವುದೂ, ಕೈ ತೊಳೆಯಲು ಮರೆಯುವುದೂ ಉಂಟು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ದಾದಿಯರು ೨೦೧೮ರಲ್ಲಿ ಅನಾವಶ್ಯಕವಾದ ಕೈಚೀಲಗಳನ್ನು ಬಿಟ್ಟು ಕೈ ತೊಳೆಯುವುದಕ್ಕೆ ಒತ್ತು ಕೊಟ್ಟರು. ಮೊದಲ ವರ್ಷದಲ್ಲಿಯೇ ಸುಮಾರು ೨೧ ಟನ್ ಪ್ಲಾಸ್ಟಿಕ್ ಉಳಿಯಿತು.

ಕಟ್ಟಡಗಳ ವಿಷಯದಲ್ಲಿ ಮಾರ್ಗ ಹೆಚ್ಚು ಪರಿಚಿತವಾದುದು: ಶಾಖ ಸೋರದ ಗೋಡೆ, ಉತ್ತಮ ದೀಪ, ಸೂರ್ಯಶಕ್ತಿ. ವೇಲ್ಸಿನ ಸ್ವಾನ್ಸೀಯ ಮಾರಿಸ್ಟನ್ ಆಸ್ಪತ್ರೆ ೨೦೨೧ರಲ್ಲಿ ಸೂರ್ಯಫಲಕಗಳ ಒಂದು ಹೊಲವನ್ನೇ ಸ್ಥಾಪಿಸಿ, ಸುಮಾರು ೩ ಕಿಲೋಮೀಟರ್ ದೂರದಿಂದ ತನ್ನದೇ ತಂತಿಯ ಮೂಲಕ ೪ ಮೆಗಾವಾಟ್‌ವರೆಗಿನ ವಿದ್ಯುತ್ತನ್ನು ತಂದುಕೊಂಡಿತು.

ಕಷ್ಟವಾದುದು ಗೋಡೆಯಾಚೆಯ ೬೨ ಪಾಲು. ಔಷಧವನ್ನು ತಯಾರಿಸುವ ಕಾರ್ಖಾನೆಗೆ ಆಸ್ಪತ್ರೆ ಒಡೆಯನಲ್ಲ. ಆದರೆ ಅದು ಬಹು ದೊಡ್ಡ ಗಿರಾಕಿ. ೨೦೨೩ರ ಏಪ್ರಿಲಿನಿಂದ ಇಂಗ್ಲೆಂಡಿನ ಆರೋಗ್ಯ ಸೇವೆ ದೊಡ್ಡ ಗುತ್ತಿಗೆಗಳನ್ನು ಬಯಸುವವರಿಂದ ತಮ್ಮ ಭಾರವನ್ನು ಇಳಿಸುವ ಯೋಜನೆಯನ್ನು ಕೇಳತೊಡಗಿತು. ಫಲ ನಿಧಾನವಾಗಿಯೇ ಬರಬೇಕು. ನೇರವಾದ ಭಾರವನ್ನು ೧೯೯೦ರಿಂದ ೨೦೨೦ರವರೆಗೆ ಐದರಲ್ಲಿ ಮೂರು ಪಾಲಿನಷ್ಟು ಇಳಿಸಿದ ಸಂಸ್ಥೆಗೂ ಈ ದಾರಿ ಕಡಿದಾದುದೇ.

ದಕ್ಷಿಣದಿಂದ ಒಂದು ಪಾಠ

ಇಂಥ ವಿಷಯಗಳಲ್ಲಿ ಶ್ರೀಮಂತ ದೇಶಗಳೇ ಕಲಿಸಬೇಕು, ನಾವು ಕಲಿಯಬೇಕು ಎಂದು ತಿಳಿಯಬೇಕಾಗಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಲೋಕದಲ್ಲೆಲ್ಲ ನಡೆಯುವಂಥದು. ವೇಲ್ಸಿನ ಕಾರ್ಡಿಫ್‌ನಲ್ಲಿ ಇಂಥ ಒಂದು ಚಿಕಿತ್ಸೆಯ ಭಾರವನ್ನು ಲೆಕ್ಕಹಾಕಿದಾಗ ಸುಮಾರು ೧೮೦ ಕಿಲೋಗ್ರಾಂ ಬಂದಿತ್ತು. ಡಾಕ್ಟರ್ ಗೋವಿಂದಪ್ಪ ವೆಂಕಟಸ್ವಾಮಿಯವರು ೧೯೭೬ರಲ್ಲಿ ಮಧುರೆಯಲ್ಲಿ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆಯ ಪುದುಚೇರಿ ಶಾಖೆಯನ್ನು ಪರಿಶೀಲಿಸಿ ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಸುಮಾರು ೬ ಕಿಲೋಗ್ರಾಂ. ಕಸ ಕಾಲು ಕಿಲೋಗ್ರಾಂ. ಲೆಕ್ಕದ ಕ್ರಮಗಳಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ, ಹೋಲಿಸಬಹುದಾದ ಭಾಗಗಳನ್ನು ಹೋಲಿಸಿದಾಗಲೂ ಅರವಿಂದದ ಭಾರ ಬ್ರಿಟನ್ನಿನ ಇಪ್ಪತ್ತರಲ್ಲೊಂದು ಪಾಲೆಂದು ಕಂಡುಬಂದಿತು.

ಅಲ್ಲಿ ಉಪಕರಣಗಳನ್ನು ಬಿಸಾಡದೆ ಚೆನ್ನಾಗಿ ತೊಳೆದು, ಆವಿಯಿಂದ ಶುದ್ಧಿಮಾಡಿ, ಮತ್ತೆ ಬಳಸುತ್ತಾರೆ. ಒಂದು ಬಾಟಲಿಯ ಕಣ್ಣಿನ ಹನಿಯನ್ನು ಒಬ್ಬ ರೋಗಿಗೆ ಹಾಕಿ ಚೆಲ್ಲುವುದಿಲ್ಲ. ಒಬ್ಬರ ಚಿಕಿತ್ಸೆ ನಡೆಯುತ್ತಿರುವಾಗಲೇ ಪಕ್ಕದ ಮಂಚದಲ್ಲಿ ಇನ್ನೊಬ್ಬರನ್ನು ಅಣಿಮಾಡಿರುತ್ತಾರೆ. ಇಷ್ಟಾದರೂ ಚಿಕಿತ್ಸೆಯ ಅನಂತರ ಕಣ್ಣಿಗೆ ನಂಜಾಗುವ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚಾಗಿಲ್ಲ. ಈ ಮಿತವ್ಯಯಕ್ಕೆ ಕಾರಣ ಆಕಾಶದ ಚಿಂತೆಯಲ್ಲ. ಬಡವರಿಗೆ ಕಡಿಮೆ ವೆಚ್ಚದಲ್ಲಿ ಕಣ್ಣು ಕೊಡಬೇಕೆಂಬ ಹಟ. ಎಲ್ಲ ಶಸ್ತ್ರಚಿಕಿತ್ಸೆಗಳಿಗೂ ಈ ಕ್ರಮ ಒಪ್ಪಲಾರದು, ನಿಜ. ಆದರೆ ಬಿಸಾಡಿದಷ್ಟೂ ಕ್ಷೇಮ ಎಂಬ ನಂಬಿಕೆಯನ್ನು ಪರೀಕ್ಷಿಸಿ ನೋಡಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ರೋಗಿಗೆ ಕೇಡು ಮಾಡಬಾರದೆಂಬುದು ವೈದ್ಯರ ಹಳೆಯ ನಿಯಮ. ಗೋಡೆಯಿಂದಾಚೆ ಇರುವವರೂ ಮುಂದೆ ಹುಟ್ಟುವವರೂ ಆ ನಿಯಮದೊಳಗೆ ಬರುತ್ತಾರೆಂದು ಒಪ್ಪಿಕೊಂಡರೆ ಕೆಲಸ ಸ್ಪಷ್ಟವಾಗುತ್ತದೆ. ಮೇಲೆ ಹೇಳಿದ ಉದಾಹರಣೆಗಳಲ್ಲಿ ಯಾವುದರಲ್ಲಿಯೂ ರೋಗಿಗೆ ಬೇಕಾದುದನ್ನು ಕಸಿದುಕೊಂಡಿಲ್ಲ. ಸೋರಿದ ಅನಿಲ, ಉಕ್ಕಿಹೋದ ಆವಿ, ಕಲಿಸದೆ ಕೊಟ್ಟ ಡಬ್ಬಿ, ಬೇಡದ ಕೈಚೀಲ ಇವು ರೋಗಿಗೆ ಉಪಕಾರ ಮಾಡದೆಯೇ ಗಾಳಿಗೆ ಭಾರವಾದುವು. ೧೯೫೨ರ ಹೊಗೆ ಕಣ್ಣಿಗೆ ಕಂಡಿತು. ನಾಲ್ಕು ವರ್ಷಗಳಲ್ಲಿ ಶಾಸನವಾಯಿತು. ಇಂದಿನದು ಕಣ್ಣಿಗೆ ಕಾಣದು. ಆದುದರಿಂದ ಆಸ್ಪತ್ರೆಗಳು ಲೋಥಿಯನ್ನಿನವರಂತೆ ಮೊದಲು ಕೊಂಡುದೆಷ್ಟು, ರೋಗಿಗೆ ಮುಟ್ಟಿದುದೆಷ್ಟು ಎಂದು ಲೆಕ್ಕವಿಡಬೇಕು. ಉಳಿದ ಕೆಲಸ ಅಲ್ಲಿಂದ ಆರಂಭವಾಗುತ್ತದೆ.